ಇಲಿಗೆಂದು ಚೆಲ್ಲಿದ ಪೌಡರು

"ಬಾಷಾ, ಆಚೆ ಬನ್ನಿ. ಈ ವಯಸ್ಸಲ್ಲಿ ಕಾರಿನ ಕೆಳಗೆ ನುಗ್ಗೋದಲ್ಲ, ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಳ್ಳೋದು."

ಹೇಳಿದವನು ನನ್ನ ಹವಾಲ್ದಾರ್ ಬರಕಾತ್. ಕೈರೋದಲ್ಲಿ ಪೊಲೀಸ್ ಅಧಿಕಾರಿಯನ್ನು ಎಲ್ಲರೂ ಕರೆಯುವುದು ಬಾಷಾ ಎಂದೇ. ನನಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ದಂತವೈದ್ಯ ಶಹೀರರ ಕಾರಿನ ಕೆಳಗೆ ಹಳೆಯ ರಟ್ಟು ಹಾಸಿಕೊಂಡು ನಾನು ಬೋರಲು ಬಿದ್ದಿದ್ದೆ. ಬಲ ಮೊಣಕಾಲು ಹಿಡಿದುಕೊಂಡಿತ್ತು. ಮೂಗಿನ ತುಂಬ ಮಲ್ಲಿಗೆ ವಾಸನೆ.

"ಮೊಮ್ಮಕ್ಕಳಿದ್ದಿದ್ರೆ ಕೂರಿಸ್ಕೊಳ್ತಿದ್ದೆ ಕಣಯ್ಯಾ. ನನ್ನ ಹಣೇಲಿ ಬರೆದಿರೋದು ನೀನು. ಟಾರ್ಚ್ ಕೊಡು."

ಮೊನ್ನೆ ಬೆಳಗ್ಗೆ ಇದೇ ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ಕೆಳಗೆ ತಮ್ಮ ಕಾರಿನ ಬಾನೆಟ್ ಎತ್ತಿ ಬಗ್ಗಿ ನಿಂತಿದ್ದ ಘುನೇಮ್ ಮೇಷ್ಟ್ರನ್ನು ಎರಡು ಕಾರುಗಳ ನಡುವೆ ಜಜ್ಜಿ ಕೊಂದಿತ್ತು. ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆತನೆಂದು ಬೀದಿಯ ಕಾರು ಕಾಯುವ ಶಾಜ್ಲಿ ನಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಬೆಳಗ್ಗೆ ಅವನನ್ನು ಪ್ರಾಸಿಕ್ಯೂಟರ್ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಕೆಲವು ವರ್ಷ ಜೈಲು ಖಂಡಿತ. ಸಕ್ಕರೆ ಕಾಯಿಲೆಯ ಆ ಮುದುಕ ಅಲ್ಲಿಂದ ನಡೆದುಕೊಂಡು ಆಚೆ ಬರುವುದು ಅನುಮಾನ.

ನನ್ನ ಮೇಲಧಿಕಾರಿಗೆ ಕೇಸು ಮುಗಿದರೆ ಸಾಕಿತ್ತು. ಬೆಳಗ್ಗೆಯೇ ಫೋನ್ ಮಾಡಿ, "ವಗ್ದಿ, ಬೆಟ್ಟ ಅಗೆದು ಇಲಿ ಹಿಡೀಬೇಡ" ಎಂದಿದ್ದರು. ಮುಕತ್ತಮ್ ಗುಡ್ಡದ ಮೇಲೆ ನಿಂತು, ಇಲಿಯ ಕಾಟದಿಂದ ಶುರುವಾದ ಕೇಸಿನಲ್ಲಿ ಆ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಗೆಯುವ ಆಸೆ ನನಗೂ ಇರಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳು. ಆದರೆ ಶಾಜ್ಲಿಯ ಮಗಳು ಸಮಾಹ್ ಎರಡು ದಿನದಿಂದ ಠಾಣೆಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಅಪ್ಪನಿಗೆ ಊಟ ತರುವಳು, ಪ್ರತಿ ಸಲವೂ ಒಂದೇ ಮಾತು ಹೇಳುವಳು: "ಕಲ್ಲು ಇತ್ತು ಬಾಷಾ. ಕಾರಿನ ಕೆಳಗೆ ಒಂದ್ಸಲ ನೋಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ನೋಡಿದರೆ ಇವಳ ಬಾಯಿ ಮುಚ್ಚುತ್ತದೆ ಎಂದು ಬಂದವನು ನಾನು. ಬಂದು ನೋಡಿದರೆ ಅಲ್ಲಿ ಉತ್ತರವೇ ಬಿದ್ದಿತ್ತು.

ಕಾರಿನ ಕೆಳಗೆಲ್ಲ ತೆಳ್ಳಗೆ ಪೌಡರು ಚೆಲ್ಲಿತ್ತು. ಕಾರುಗಳಿಗೆ ನಾವು ಹೊದಿಕೆ ಹಾಕಿಸಿದ್ದರಿಂದ ಗಾಳಿಗೂ ಹಾರಿರಲಿಲ್ಲ, ಜನರ ಕಾಲಿಗೂ ಸಿಕ್ಕಿರಲಿಲ್ಲ. ಅದರ ಮೇಲೆ ಹಿಂಚಕ್ರದ ಗುರುತು ನೇರವಾಗಿ ಕೆಳಗಿನವರೆಗೆ ಹೋಗಿತ್ತು. ಆ ಗುರುತು ಶುರುವಾಗುವ ಕಡೆ ಮಾತ್ರ ಒಂದು ಜಾಗದಲ್ಲಿ ಪೌಡರೇ ಇರಲಿಲ್ಲ. ಬರೀ ಕಪ್ಪು ಡಾಂಬರು. ಒಂದು ರೊಟ್ಟಿಯಷ್ಟು ಅಗಲ, ಒಂದು ಮೂಲೆ ಮುರಿದ ಆಕಾರ.

"ಬರಕಾತ್, ಆ ಕಲ್ಲು ತಗೊಂಡ್ಬಾ. ಫುಟ್‌ಪಾತ್ ಹತ್ರ ಸಿಕ್ತಲ್ಲ, ಅದು."

ಅವನು ಜೀಪಿನಿಂದ ಕಲ್ಲು ತಂದು ಒಳಕ್ಕೆ ಜಾರಿಸಿದ. ಕಲ್ಲಿನ ಒಂದು ಮೂಲೆ ಮುರಿದಿತ್ತು. ಪಕ್ಕಗಳನ್ನು ಮೂಸಿದೆ. ಮಲ್ಲಿಗೆ. ತಳವನ್ನು ಮೂಸಿದೆ. ಬರೀ ಮಣ್ಣು.

ಖಾಲಿ ಜಾಗದ ಮೇಲೆ ಇಟ್ಟೆ. ಮುಚ್ಚಳದ ಹಾಗೆ ಕೂತಿತು.

ನಾನು ತೆವಳಿಕೊಂಡು ಆಚೆ ಬರುವಾಗ ಮೇಲಿನಿಂದ ಒಂದು ಬುಟ್ಟಿ ಹಗ್ಗದಲ್ಲಿ ಇಳಿದು ನನ್ನ ಮೂಗಿನ ಮುಂದೆ ನಿಂತಿತು. ಒಳಗೆ ಟೀ ಲೋಟ. ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಮೇಷ್ಟ್ರ ಹೆಂಡತಿ ಹಾಜ್ಜಾ ಇಖ್ಲಾಸ್ ಕಪ್ಪು ಬಟ್ಟೆಯಲ್ಲಿ ನಿಂತಿದ್ದರು.

"ಕುಡೀರಿ ಮಗಾ. ಸತ್ತವರ ಮನೇದು ಅಂತ ಬೇಡ ಅನ್ನಬೇಡಿ."

"ಅಮ್ಮಾ, ಈ ಪೌಡರ್ ಯಾರು ಚೆಲ್ಲಿದ್ದು?"

"ಇನ್ಯಾರು? ಅವರೇ. ಹಿಂದಿನ ಸಂಜೆ. ಇಲಿ ಹೆಜ್ಜೆ ಎಲ್ಲಿಂದ ಬರುತ್ತೆ ನೋಡ್ಬೇಕು ಅಂತ. ಮೊದ್ಲು ಗೋಧಿ ಹಿಟ್ಟಿನ ಡಬ್ಬಾನೇ ಎತ್ಕೊಂಡು ಹೊರಟ್ರು. ತಿನ್ನೋ ರೊಟ್ಟೀನ ನೆಲಕ್ಕೆ ಚೆಲ್ತೀರಾ, ದೇವ್ರು ಮೆಚ್ತಾನಾ ಅಂತ ಜಗಳ ಆಡಿ ಕಿತ್ಕೊಂಡೆ. ಅದರ ಬದಲು ಮೊಮ್ಮಗುವಿನ ಪೌಡರ್ ಡಬ್ಬಿ ಕೊಟ್ಟೆ."

"ಎಷ್ಟು ದೂರ ಚೆಲ್ಲಿದ್ರು?"

"ನಮ್ಮ ಕಾರಿನ ಸುತ್ತ, ಡಾಕ್ಟ್ರ ಕಾರಿನ ಹಿಂಗಾಲ ತನಕ. ಬಗ್ಗಿ ಬಗ್ಗಿ ಚೆಲ್ತಿದ್ರು. ಹೊಲದಲ್ಲಿ ಬೀಜ ಬಿತ್ತೋನ ಹಾಗೆ." ಆಕೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. "ಆಮೇಲೆ ನಾವಿಬ್ರೂ ಮಾತಾಡ್ಲಿಲ್ಲ, ಮಗಾ. ಆ ಹಿಟ್ಟಿನ ಜಗಳಾನೇ ಕೊನೆ ಮಾತಾಯ್ತು."

ಟೀ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ವೈದ್ಯರು ಬೇಡವೆಂದಿದ್ದರೂ ಒಂದು ಹನಿ ಬಿಡದೆ ಕುಡಿದೆ.

ಮೇಷ್ಟ್ರಿಗೂ ಇಲಿಗಳಿಗೂ ಇದ್ದ ಹಗೆ ಬೀದಿಗೆಲ್ಲ ಗೊತ್ತಿತ್ತು. ಭೂಗೋಳ ಪಾಠ ಮಾಡಿ ನಿವೃತ್ತರಾದ ಮನುಷ್ಯ, ನಕ್ಷೆ ಬರೆದು ಯುದ್ಧ ಮಾಡಿದವರು. ಎಂಜಿನ್ನಿನೊಳಗೆ ಬೆಳ್ಳುಳ್ಳಿ ಸರ ಕಟ್ಟಿದರು, ನುಸಿಗುಳಿಗೆ ತುಂಬಿದ ಕಾಲುಚೀಲ ನೇತು ಹಾಕಿದರು, ಗಾಳಿ ಹೋಗುವ ಕಿಂಡಿಗೆಲ್ಲ ತಂತಿ ಬಲೆ ಬಿಗಿದರು. ಇಲಿಗಳು ವೈರು ಕಡಿಯುವುದನ್ನು ನಿಲ್ಲಿಸಲಿಲ್ಲ. ಪ್ರತಿದಿನ ಬೆಳಗ್ಗೆ, ಕಾರು ಹೊರಡಿಸುವ ಮೊದಲು ಬಾನೆಟ್ ಮೇಲೆ ದಬದಬ ಬಡಿದು, ಎತ್ತಿ, ತಲೆ ಒಳಗೆ ಹಾಕಿ ಹುಡುಕುವುದು ಅವರ ನೇಮ. ಬೀದಿಯವರು ಆ ಸದ್ದಿಗೇ ಏಳುತ್ತಿದ್ದರಂತೆ.

ಅಂದರೆ ಬೆಳಗ್ಗೆ ಆ ಹೊತ್ತಿಗೆ ಅವರು ಎಲ್ಲಿ ನಿಂತಿರುತ್ತಾರೆ, ಬೆನ್ನು ಯಾವ ಕಡೆ ಇರುತ್ತದೆ ಎಂದು ಯಾರೂ ಹುಡುಕಬೇಕಾಗಿರಲಿಲ್ಲ.

ಬರಕಾತ್ ತಲೆ ಕೆರೆದುಕೊಂಡ. "ಬಾಷಾ, ಕಲ್ಲು ಅಲ್ಲಿ ಕೂತಿತು. ಸರಿ. ಅದ್ರಿಂದ ಏನು?"

"ನಿಮ್ಮನೆ ಕಟ್ಟೆ ಮೇಲೆ ಒಂದು ಪಾತ್ರೆ ಇಡು. ಸುತ್ತ ಹಿಟ್ಟು ಚೆಲ್ಲು. ಆಮೇಲೆ ಪಾತ್ರೆ ಎತ್ತು. ಏನು ಕಾಣುತ್ತೆ?"

"ಹೆಂಡ್ತಿ ಕೈಲಿ ಲಟ್ಟಣಿಗೆ ಕಾಣುತ್ತೆ."

"ಪಾತ್ರೆ ಇದ್ದ ಜಾಗ ಕಾಣುತ್ತೆ, ಕತ್ತೆ. ಮೇಷ್ಟ್ರು ಪೌಡರ್ ಚೆಲ್ಲುವಾಗ ಕಲ್ಲು ಅಲ್ಲೇ ಇತ್ತು. ಶಾಜ್ಲಿ ಇಟ್ಟಿದ್ದ. ಕಲ್ಲಿದ್ದಿದ್ರೆ ಚಕ್ರ ಆ ಜಾಗ ದಾಟ್ತಿರಲಿಲ್ಲ. ಕಲ್ಲು ತೆಗೆದ ಕ್ಷಣಾನೇ ಕಾರು ಇಳಿಯುತ್ತೆ. ಅಂದ್ರೆ ಬೆಳಗ್ಗೆ, ಮೇಷ್ಟ್ರು ಬಗ್ಗಿದ್ದಾಗ, ಯಾರೋ ತೆಗೆದ್ರು."

ಬರಕಾತ್‌ನ ಮುಖದ ನಗು ಹೋಯಿತು. "ಶಾಜ್ಲಿ ಆಗ ಅವರೆಕಾಳಿನ ಗಾಡಿ ಹತ್ರ ತಿಂಡಿ ತಿಂತಿದ್ದ. ಗಾಡಿಯವನೂ ಹೇಳಿದ್ದಾನೆ, ಜೊತೆಗೆ ತಿಂತಿದ್ದ ಟ್ಯಾಕ್ಸಿಯವರೂ ಹೇಳಿದ್ದಾರೆ."

"ಅದಕ್ಕೇ ಹೇಳಿದ್ದು. ಅವನು ನಿರಪರಾಧಿ."

"ಮತ್ತೆ ಇದು ಅಪಘಾತ ಅಲ್ಲ."

"ಅಲ್ಲ."

ಹಾಗೆ ಹೇಳುವಾಗ ನನಗೆ ಸಂತೋಷವಾಗಲಿಲ್ಲ. ಅಪಘಾತವಾಗಿದ್ದರೆ ಸಾಯಂಕಾಲ ಮನೆಗೆ ಹೋಗಿ ಬಿಸಿ ನೀರಿನಲ್ಲಿ ಕಾಲಿಡಬಹುದಿತ್ತು.

ದಂತವೈದ್ಯ ಶಹೀರ್ ಬಿಳಿ ಕೋಟಿನಲ್ಲೇ ಕ್ಲಿನಿಕ್ಕಿನಿಂದ ಇಳಿದು ಬಂದರು. ಅವರಿಗೆ ತಮ್ಮ ಕಾರಿನದೇ ಚಿಂತೆ.

"ಸಾಹೇಬ್ರೇ, ಇನ್ನೂ ಎಷ್ಟು ದಿನ ಕಾರು ಹೀಗೇ ಇರ್ಬೇಕು?"

"ಡಾಕ್ಟ್ರೇ, ಇಷ್ಟು ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಯಾಕೆ ಎಳೀಲಿಲ್ಲ?"

ಅವರು ನನ್ನನ್ನು ಹೊರಗಿನವನೆಂಬಂತೆ ನೋಡಿದರು. "ಈ ಬೀದಿಲಿ ಹ್ಯಾಂಡ್‌ಬ್ರೇಕ್ ಎಳೆದು ಹೋದೋನ ಹಲ್ಲು ಜನಾನೇ ಕೀಳ್ತಾರೆ, ನನ್ ಹತ್ರ ಬರೋದೇ ಬೇಡ. ಒಂದರ ಹಿಂದೆ ಒಂದು, ಒಂದರ ಪಕ್ಕ ಒಂದು ನಿಂತಿರುತ್ತೆ. ಒಳಗಿನೋನು ಹೊರಡ್ಬೇಕಂದ್ರೆ ಶಾಜ್ಲಿ ಉಳಿದಿದ್ದನ್ನ ತಳ್ಳಿ ದಾರಿ ಮಾಡ್ಬೇಕು. ಬ್ರೇಕ್ ಬಿಡು, ಗೇರ್ ಬಿಡು, ಮಿಕ್ಕಿದ್ದು ಶಾಜ್ಲಿ ಕಲ್ಲಿಗೂ ದೇವರಿಗೂ ಬಿಡು. ನೀವೇನು ಕೈರೋಲಿ ಕಾರು ಇಟ್ಟಿಲ್ವಾ?"

ಇಟ್ಟಿದ್ದೇನೆ. ನಾನೂ ಹಾಗೆಯೇ ಬಿಟ್ಟು ಬರುತ್ತೇನೆ.

"ಮೇಷ್ಟ್ರ ಜೊತೆ ನಿಮಗೆ ಜಗಳ ಇತ್ತಂತೆ?"

"ಯಾರಿಗಿರಲಿಲ್ಲ ಕೇಳಿ. ಇಲಿ ಪಾಷಾಣ ಹಾಕಿ ಬೀದಿ ಬೆಕ್ಕನ್ನೆಲ್ಲ ಕೊಂದ್ರು. ಕಾರೊಳಗೆ ಇಲಿ ಸೇರದ ಹಾಗೆ ಕಾಯ್ತಿದ್ದಿದ್ದೇ ಆ ಬೆಕ್ಕುಗಳು. ಬೆಕ್ಕು ಸತ್ತ ಮೇಲೆ ಇಲಿ ಇಮ್ಮಡಿ ಆಯ್ತು. ಆದ್ರೂ ನನ್ನ ಜಗಳ ಬಾಯಿದು. ಬಾಯಿ ಕೆಲಸಾನೇ ನನಗೆ ಸಾಕಾಗಿದೆ."

ಆ ಹೊತ್ತಿಗೆ ಬರಕಾತ್ ತನ್ನ ಬುದ್ಧಿ ಉಪಯೋಗಿಸುತ್ತಿದ್ದ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕಾರಿನ ಚಕ್ರದಡಿಯ ಕಲ್ಲನ್ನು ಹಿಡಿದು ಎಳೆಯುತ್ತಿದ್ದ. ಎಳೆದ, ಒದ್ದ, ಬೈದ. ಕಲ್ಲು ಜಗ್ಗಲಿಲ್ಲ. ಕಾರಿನ ಭಾರವೆಲ್ಲ ಅದರ ಮೇಲಿತ್ತು. ಡಾಕ್ಟರು ಕೋಟು ಬಿಚ್ಚಿ ಕೈ ಹಾಕಿದರು. ಅವರಿಂದಲೂ ಆಗಲಿಲ್ಲ.

ಅಷ್ಟರಲ್ಲಿ ಬೀದಿಯ ಮೇಲ್ಗಡೆ ಯಾರೋ ಹಾರ್ನ್ ಹೊಡೆದರು. ಕಾರು ತೆಗೆಯಬೇಕಂತೆ. ಅಪ್ಪನ ಬದಲು ಈಗ ಬೀದಿ ನೋಡಿಕೊಳ್ಳುತ್ತಿದ್ದವಳು ಸಮಾಹ್. ಇಪ್ಪತ್ತರ ಆಸುಪಾಸಿನ ಹುಡುಗಿ, ಕಡ್ಡಿಯಂತಿದ್ದಳು. ಓಡಿ ಹೋಗಿ ಅಡ್ಡ ನಿಂತಿದ್ದ ಕಾರಿಗೆ ಹೆಗಲು ಕೊಟ್ಟು ಒಂದಿಷ್ಟು ಮೇಲಕ್ಕೆ ಒತ್ತಿದಳು. ಭಾರ ಸಡಿಲವಾದ ಕೂಡಲೇ ಬಗ್ಗಿ ಕಲ್ಲನ್ನು ಸೆಳೆದು ಪಕ್ಕಕ್ಕೆ ಎಸೆದಳು. ಕಾರು ಮಗುವಿನ ಹಾಗೆ ಅವಳು ಹೇಳಿದ ಕಡೆ ಹೋಯಿತು.

ಬರಕಾತ್ ನೋಡಿದ. ನಾನೂ ನೋಡಿದೆ.

"ಆ ಉಪಾಯ ಬೀದಿಲಿ ಅರ್ಧ ಜನಕ್ಕೆ ಗೊತ್ತು" ಎಂದರು ಡಾಕ್ಟರು, ಕೋಟು ಹಾಕಿಕೊಳ್ಳುತ್ತ. "ಶಾಜ್ಲಿ ನಮಾಜಿಗೆ ಹೋದಾಗ ಅವರವರ ಕಾರು ಅವರೇ ತೆಕ್ಕೋತಾರೆ. ನನಗೆ ಮಾತ್ರ ಬರಲ್ಲ."

ಆ ಮಾತಿನಿಂದ ನನಗೆ ಸಮಾಧಾನವಾಯಿತು. ಯಾಕೆ ಸಮಾಧಾನ ಬೇಕಾಗಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ.

ಇನ್ನೊಂದು ಗುರುತು ಸಿಕ್ಕಿದ್ದು ಆಮೇಲೆ. ಹಿಂಚಕ್ರ ಮೊದಲು ನಿಂತಿದ್ದ ಜಾಗಕ್ಕೂ ಫುಟ್‌ಪಾತಿಗೂ ನಡುವೆ ಗೇಣಗಲದ ಸಂದಿ. ಅಲ್ಲಿ ಪೌಡರಿನ ಮೇಲೆ ಎರಡು ಚಪ್ಪಲಿಗಳ ಮುಂಭಾಗ ಮಾತ್ರ ಒತ್ತಿತ್ತು, ಹಿಮ್ಮಡಿ ಇಲ್ಲ. ತುದಿಗಾಲಿನಲ್ಲಿ ಕುಕ್ಕರು ಕೂತವರದು. ಚಿಕ್ಕ ಕಾಲು. ಬಲಗಡೆಯದರಲ್ಲಿ ಬೆರಳಿನ ಹತ್ತಿರ ಒಂದು ಅಡ್ಡಗೆರೆ.

"ಪ್ಲಾಸ್ಟಿಕ್ ಚಪ್ಪಲಿ" ಎಂದ ಬರಕಾತ್, ಫೋನಿನಲ್ಲಿ ಫೋಟೋ ಹಿಡಿಯುತ್ತ. "ಅರ್ಧ ಕೈರೋ ಹಾಕೋದು ಇದನ್ನೇ. ನನ್ನ ಅತ್ತೆ ಇದರಲ್ಲೇ ಹೊಡೀತಾಳೆ."

"ಗೆರೆ ಏನದು?"

"ಬಿರುಕು ಬಿಟ್ಟಿರ್ಬೇಕು."

ಹೊರಡುವ ಮೊದಲು ಮೇಷ್ಟ್ರ ಕಾರಿನ ಬಾನೆಟ್ ಎತ್ತಿಸಿದೆ. ಪೌಡರಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳು ಬೇರೆಲ್ಲಿಂದಲೂ ಬಂದಿರಲಿಲ್ಲ. ಮೇಷ್ಟ್ರ ಕಾರಿನಿಂದಲೇ ಇಳಿದು ಅಲ್ಲಿಗೇ ಹತ್ತಿದ್ದವು. ಬ್ಯಾಟರಿಯ ಕೆಳಗೆ ಗೂಡು. ಸೀಟಿನ ಹತ್ತಿ, ಕುಂಬಳ ಬೀಜದ ಸಿಪ್ಪೆ, ಮೇಷ್ಟ್ರ ಜಪಮಾಲೆಯ ಹಸಿರು ಗೊಂಡೆ. ಒಳಗೆ ಕಣ್ಣು ಬಿಡದ ಮರಿಗಳು ಉಸಿರಾಡುತ್ತಿದ್ದವು. ಅವರು ಊರೆಲ್ಲ ಹುಡುಕಿದ ವೈರಿ ಅವರ ಅಂಗೈ ಕೆಳಗೇ ಸಂಸಾರ ಹೂಡಿತ್ತು.

ಹಾಜ್ಜಾ ಇಖ್ಲಾಸ್ ಮೇಲಿನಿಂದ ಅದನ್ನು ನೋಡಿದರು. ಆಮೇಲೆ ಹೇಳಿದರು:

"ಹಾಗಾದ್ರೆ ಇಲಿ ಶಾಜ್ಲಿ ಮನೆದಲ್ಲ."

"ಯಾರು ಹಾಗಂದಿದ್ದು?"

"ಇವರೇ. ಬೀದಿ ತುದಿಲಿ ಅಪ್ಪ ಮಗಳು ಇರೋ ಹಲಗೆ ಗೂಡಿದೆಯಲ್ಲ, ಇಲಿ ಹುಟ್ಟೋದೇ ಅಲ್ಲಿ ಅಂತ ಹಟ. ಕಾರ್ಪೊರೇಷನ್ನಿಗೆ ದೂರು ಕೊಟ್ಟು ಬಂದ್ರು. ಆ ಸಂಜೆ ಪೌಡರ್ ಚೆಲ್ತಾ, ಆ ಹುಡುಗಿಗೆ ಎಲ್ಲರೆದುರು ಹೇಳಿದ್ರು, ಈ ವಾರ ಬುಲ್ಡೋಜರ್ ಬರುತ್ತೆ, ನಿಮ್ಮ ಇಲಿ ಕಟ್ಕೊಂಡು ಊರಿಗೆ ಹೋಗಿ ಅಂತ. ಇಲಿ ಇದೆ ಅಂತ ಮನೆಗೆ ಬೆಂಕಿ ಇಡ್ತಾರೇನ್ರೀ ಅಂತ ನಾನು ಅಂದೆ. ಕೇಳ್ಬೇಕಲ್ಲ."

"ಅವಳೇನಂದ್ಲು?"

"ಏನೂ ಅನ್ಲಿಲ್ಲ. ಅಪ್ಪನಿಗೆ ಹೇಳ್ಬೇಡಿ, ಅವರಿಗೆ ಸಕ್ಕರೆ ಏರುತ್ತೆ ಅಂದ್ಲು ಅಷ್ಟೇ."

ಕೆಳಗೆ ಸಮಾಹ್ ಇನ್ನೊಂದು ಕಾರಿನ ಧೂಳು ಒರೆಸುತ್ತಿದ್ದಳು. ನಾನು ಜೀಪು ಹತ್ತುವುದನ್ನು ಕಂಡು ಬಟ್ಟೆ ಬಿಸುಟು ಓಡಿ ಬಂದಳು.

"ಸಿಕ್ತಾ ಬಾಷಾ? ಕಲ್ಲಿನ ಗುರುತು?"

"ಸಿಕ್ತು ಮಗಳೇ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. "ದೇವ್ರು ನಿಮ್ಮ ಮನೆ ಬೆಳಗಿಸ್ಲಿ. ಊಟ ತಗೊಂಡು ಹಿಂದೇನೇ ಬರ್ತೀನಿ. ಅಪ್ಪನ್ನ ಕರ್ಕೊಂಡೇ ಹೋಗ್ತೀನಿ."

ಠಾಣೆಯಲ್ಲಿ ಶಾಜ್ಲಿಯನ್ನು ನನ್ನ ಕೋಣೆಗೆ ಕರೆಸಿದೆ. ಎತ್ತರದ ಆಳು. ಎರಡು ದಿನದಲ್ಲಿ ಅಂಗಿಯೊಳಗೆ ಮನುಷ್ಯನೇ ಇಲ್ಲದಂತಾಗಿದ್ದ. ಕೂರು ಎಂದರೂ ಕೂರಲಿಲ್ಲ.

"ಚಿಕ್ಕಪ್ಪಾ, ಕೂತ್ಕೋ. ಒಳ್ಳೆ ಸುದ್ದಿ ಇದೆ."

"ಬಡವರಿಗೆ ಒಳ್ಳೆ ಸುದ್ದಿ ನಿಂತ್ಕೊಂಡೇ ಕೇಳಿ ಅಭ್ಯಾಸ, ಬಾಷಾ."

"ನೀನು ಕಲ್ಲು ಇಟ್ಟಿದ್ದೆ."

"ಅದನ್ನೇ ಅಲ್ವಾ ನಾನು ಬಾಯಿ ಬಡ್ಕೊಂಡಿದ್ದು! ಆ ಬೀದಿ ಕಲ್ಲೆಲ್ಲ ನನ್ನ ಕೈದು. ನನ್ನ ಹೆಸರು ಮರೆತೇನು, ಕಲ್ಲು ಮರೀತೀನಾ?"

ಪೌಡರಿನ ಕಥೆ ಹೇಳಿದೆ. ಹೇಳುತ್ತಿದ್ದಂತೆ ಅವನ ಬೆನ್ನು ನೆಟ್ಟಗಾಯಿತು. ಕೊನೆಗೆ ಕೂತ. ಎಷ್ಟೋ ವರ್ಷದ ನೌಕರಿಯಲ್ಲಿ ಜನರಿಗೆ ಕೆಟ್ಟದ್ದನ್ನೇ ಹೇಳಿಕೊಂಡು ಬಂದ ನನಗೆ ಆ ಮುಖ ನೋಡಿ ಮೊಣಕಾಲಿನ ನೋವೂ ಮರೆತುಹೋಯಿತು. ನಿಜ ಹೇಳುತ್ತೇನೆ, ಖುಷಿಯಾಯಿತು.

"ಯಾರು ಬಾಷಾ?" ಅವನ ಧ್ವನಿ ಗಡಸಾಯಿತು. "ನನ್ನ ಕಲ್ಲಿಗೆ ಕೈ ಹಾಕಿದ ಆ ಪಾಪಿ ಯಾರು? ಮೇಷ್ಟ್ರು ನನ್ನ ಬೈತಿದ್ರು, ನಿಜ. ಆದ್ರೂ ಹಬ್ಬಕ್ಕೆ ಮಾಂಸ ಮೊದ್ಲು ಕಳಿಸ್ತಿದ್ದಿದ್ದು ಅವರ ಮನೆಯಿಂದ್ಲೇ. ಅವರನ್ನ ಕೊಂದವನ್ನ ನೇಣಿಗೆ ಹಾಕ್ಬೇಕು."

"ಹುಡುಕ್ತೀವಿ. ಬರಕಾತ್, ಆ ಫೋಟೋ ತೋರ್ಸು. ಚಿಕ್ಕಪ್ಪಾ, ನೋಡು, ಬೀದಿಲಿ ಯಾರದಾದ್ರೂ ಇಂಥ ಚಪ್ಪಲಿ ನೋಡಿದ್ದೀಯಾ? ಬೆರಳ ಹತ್ರ ಬಿರುಕು ಬಿಟ್ಟಿದೆ."

ಶಾಜ್ಲಿ ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಹೆಬ್ಬೆರಳಿನಿಂದ ಆ ಅಡ್ಡಗೆರೆಯನ್ನು ಸವರಿದ.

"ಬಿರುಕಲ್ಲ ಇದು" ಎಂದ. "ತೇಪೆ. ಟೈರಿನ ತುಂಡು. ಅಂಚು ಸರಿಯಾಗಿ ಕೂತಿಲ್ಲ, ಅದಕ್ಕೇ ಗೆರೆ ಬಿ..."

ಮಾತು ಅಲ್ಲೇ ನಿಂತಿತು.

ಬರಕಾತ್ ಪೆನ್ನು ಎತ್ತಿದವನು ಹಾಗೇ ಕೂತಿದ್ದ. ಶಾಜ್ಲಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ, ಒಡೆಯುವ ವಸ್ತುವಿನಂತೆ ಇಟ್ಟ.

"ತೇಪೆ ಅಂತ ನಿನಗೆ ಹೇಗೆ ಗೊತ್ತು, ಚಿಕ್ಕಪ್ಪಾ?"

"ಅಂದಾಜು."

"ಯಾರ ಚಪ್ಪಲಿ ಅದು?"

ಅವನು ಎದ್ದು ನಿಂತ.

"ಬರ್ಕೊಳ್ಳಿ ಬಾಷಾ. ಕಲ್ಲು ತೆಗೆದಿದ್ದು ನಾನು."

"ಶಾಜ್ಲಿ!"

"ನಾನೇ. ಮೇಷ್ಟ್ರು ನನ್ನ ಗೂಡು ಬೀಳಿಸ್ತೀನಿ ಅಂದ್ರು. ಸಿಟ್ಟು ಬಂತು. ಕಲ್ಲು ತೆಗೆದೆ."

"ಆ ವಿಷಯ ನಿನಗೆ ಗೊತ್ತೇ ಇರಲಿಲ್ಲ!"

"ಗೊತ್ತಿತ್ತು."

"ಯಾರು ಹೇಳಿದ್ರು?"

"ಗಾಳಿ ಹೇಳ್ತು."

"ನೀನು ಆಗ ತಿಂಡಿ ತಿಂತಿದ್ದೆ. ಗಾಡಿಯವನು ಹೇಳಿದ್ದಾನೆ, ಟ್ಯಾಕ್ಸಿಯವರು ಹೇಳಿದ್ದಾರೆ!"

"ಅವರು ನನ್ನ ಸ್ನೇಹಿತರು. ಸುಳ್ಳು ಹೇಳಿದ್ದಾರೆ."

ನಾನು ಮೇಜು ದಾಟಿ ಅವನ ಎದುರು ನಿಂತೆ. ಬರಕಾತ್‌ಗೆ ಕೇಳಿಸದ ಹಾಗೆ ಹೇಳಿದೆ: "ಮೂರ್ಖ, ನಿರ್ಲಕ್ಷ್ಯ ಅಂದ್ರೆ ಜೈಲು. ಇದು ಕೊಲೆ. ಇದಕ್ಕೆ ಹಗ್ಗ. ಈಗ ತಾನೇ ನೀನೇ ಹೇಳಿದೆ, ನೇಣಿಗೆ ಹಾಕ್ಬೇಕು ಅಂತ."

"ಹೇಳಿದೆ" ಎಂದ ಶಾಜ್ಲಿ. ಕಣ್ಣಿನಲ್ಲಿ ನೀರಿತ್ತು. "ಬಾಯಿಂದ ಬಂದ ಮಾತು ವಾಪಸ್ ಹೋಗಲ್ಲ. ಹಾಕಿ."

ಸಹಿ ಬರದ ಮನುಷ್ಯ. ತಾನಾಗಿಯೇ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಕಾಯುತ್ತ ನಿಂತ. ಬರಕಾತ್ ಬರೆಯುತ್ತಲೇ ಇದ್ದ. ಅವನಿಗೆ ಬಡ್ತಿಯ ಕಾಲ. ಒಪ್ಪಿಗೆ ಸಿಕ್ಕ ಕೇಸು ಎಂದರೆ ಅವನಿಗೂ ಒಳ್ಳೆಯದು, ನನ್ನ ಮೇಲಧಿಕಾರಿಗೂ ಒಳ್ಳೆಯದು. ಒಪ್ಪಿಗೆ ಸಿಕ್ಕಮೇಲೆ ಅವರೆಕಾಳಿನ ಗಾಡಿಯವನ ಮಾತು ಯಾರಿಗೆ ಬೇಕು? ಆ ಮನುಷ್ಯನನ್ನು ಬಿಡಿಸಲೆಂದು ನಾನು ಹೊಟ್ಟೆ ಎಳೆದುಕೊಂಡು ಹೋಗಿ ತಂದ ಸಾಕ್ಷಿಯೇ ಅವನ ಕುತ್ತಿಗೆಗೆ ಬಂತು. ನಾಚಿಕೆಯಾಯಿತು.

ಹಿಂದಿನ ಅಂಗಳಕ್ಕೆ ಬಂದೆ.

ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಗೋಡೆಯ ಮೂಲೆಯಲ್ಲಿ ಸಮಾಹ್ ಒಂದು ರಟ್ಟು ಹಾಸಿಕೊಂಡು ಪ್ರಾರ್ಥನೆಗೆ ಬಗ್ಗಿದ್ದಳು. ಪಕ್ಕದಲ್ಲಿ ಅಪ್ಪನ ಊಟದ ಗಂಟು. ಅದರ ಜೊತೆ ಒಗೆದು ಮಡಿಸಿದ ಅಂಗಿಯೊಂದು. ಮನೆಗೆ ಕರೆದುಕೊಂಡು ಹೋಗುವಾಗ ಹಾಕಿಸಲೆಂದು ತಂದಿದ್ದಳು.

ರಟ್ಟಿನ ಆಚೆ ಅವಳ ಚಪ್ಪಲಿಗಳು. ಅವಸರದಲ್ಲಿ ಬಿಟ್ಟಿದ್ದಳೆಂದು ಕಾಣುತ್ತದೆ, ಒಂದು ಮಗುಚಿ ಬಿದ್ದಿತ್ತು.

ಮಗುಚಿದ ಚಪ್ಪಲಿ ಕಂಡರೆ ನಮ್ಮಲ್ಲಿ ಯಾರೂ ಹಾಗೇ ಬಿಟ್ಟು ಹೋಗುವುದಿಲ್ಲ. ಅಟ್ಟೆ ಆಕಾಶಕ್ಕೆ ಮುಖ ಮಾಡಬಾರದು. ಚಿಕ್ಕಂದಿನಲ್ಲಿ ಅಜ್ಜಿಯಿಂದ ಪೆಟ್ಟು ತಿಂದು ಕಲಿತ ಅಭ್ಯಾಸ. ಕೈ ತಾನಾಗಿಯೇ ಹೋಗುತ್ತದೆ. ಮೊಣಕಾಲು ಹಿಡಿದುಕೊಂಡು ಬಗ್ಗಿ ಎತ್ತಿಕೊಂಡೆ.

ಬಲಗಾಲಿನದು. ಹೆಬ್ಬೆರಳಿನ ಕೆಳಗೆ ಟೈರಿನ ಕಪ್ಪು ತೇಪೆ. ಅದರ ಅಂಚಿನ ಸಂದಿಯಲ್ಲಿ ಬಿಳಿಯದೇನೋ ಮೆತ್ತಿಕೊಂಡಿತ್ತು. ಮೂಸಿ ನೋಡುವ ಅಗತ್ಯವಿರಲಿಲ್ಲ.

ಸಮಾಹ್ ಬಲಕ್ಕೆ, ಎಡಕ್ಕೆ ತಿರುಗಿ ಪ್ರಾರ್ಥನೆ ಮುಗಿಸಿದಳು. ನನ್ನನ್ನು ಕಂಡಳು. ಮುಖ ಅರಳಿತು. ಕೈಯಲ್ಲಿ ಏನಿದೆಯೆಂದು ಅವಳು ನೋಡಲೇ ಇಲ್ಲ.

"ಅಪ್ಪ ಎಲ್ಲಿ ಬಾಷಾ? ಬಿಟ್ರಾ?"

ಹಿಂದೆ ಬಾಗಿಲು ಕಿರ್ರೆಂದಿತು. ಬರಕಾತ್‌ನ ಬೂಟಿನ ಸದ್ದು ಹತ್ತಿರ ಬಂತು, ನನ್ನ ಬೆನ್ನ ಹಿಂದೆಯೇ ನಿಂತಿತು.

"ಬಾಷಾ" ಎಂದ ಅವನು. "ಅದೇನು ಕೈಯಲ್ಲಿ? ಇಲ್ಲಿ ಕೊಡಿ, ನೋಡೋಣ."